ಮಗ್ಗದ ತಗ್ಗಿನೊಳಗಿನ ಎತ್ತರದ ಕುರ್ಚಿ

ಮನುಷ್ಯಕುಲದ ಚರಿತ್ರೆಯ ಮೇಲೆ ಒಮ್ಮೆ ಕಣ್ಣಾಡಿಸಿದರೆ, ಎತ್ತರದ ಆಸನ ಏರಿದವರಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ವಿನಯ ಎಂಬುದು ಎದ್ದು ಕಾಣುತ್ತದೆ. ನಮ್ಮ ಮನೆಯಲ್ಲಿ ಅಂಥ ಆಸನವನ್ನು ಮೊಟ್ಟಮೊದಲು ಏರಿದಾಕೆ, ಏರಿದ ಗಳಿಗೆಯಲ್ಲೇ ಅದರ ಮೇಲೆ ಉಚ್ಚೆ ಹೊಯ್ದು, ಕೆಳಗೆ ನಿಂತಿದ್ದ ನಮ್ಮನ್ನೆಲ್ಲ ನೋಡಿ ನಕ್ಕಳು. ಆಕೆ ನನ್ನ ಮೊಮ್ಮಗಳು. ಆಗ ಅವಳಿಗೆ ಎಂಟನೆಯ ತಿಂಗಳು ನಡೆದಿತ್ತು. ಹಲ್ಲು ಎರಡು.

ಆಸನ ಎಂದರೆ ಕೂಸುಗಳನ್ನು ಕೂರಿಸಿ ಉಣಿಸುವ ಎತ್ತರದ ಕುರ್ಚಿ. ನಾಲ್ಕು ಉದ್ದನೆಯ ಕಾಲು, ಮುಂದೆ ತಾಟಿನ ಹಾಗೆ ಒಂದು ಹಲಗೆ, ನಡುವಿಗೆ ಕಟ್ಟಲು ಪಟ್ಟಿ. ಅದು ಬಂದದ್ದು ಬಾದಾಮಿಯಿಂದ. ನನ್ನ ಮಗ ಅಲ್ಲಿಯ ಒಂದು ಹೋಟೆಲಿನಲ್ಲಿ ಅಡಿಗೆಯವ, ವಾರಕ್ಕೊಮ್ಮೆ ಇಳಕಲ್ಲಿಗೆ ಬಂದು ಹೋಗುತ್ತಾನೆ. ಹೋಟೆಲಿಗೆ ಹೊಸ ಕುರ್ಚಿಗಳು ಬಂದಾಗ ಮಾಲಕರು ಹಳೆಯದೊಂದನ್ನು ಇವನಿಗೆ ಕೊಟ್ಟರು. ಗುಹೆ ನೋಡಲು ಬಂದ ದೇಶವಿದೇಶದ ಕೂಸುಗಳೆಲ್ಲ ಅದರ ಮೇಲೆ ಕೂತು ಇಡ್ಲಿ ಎಸೆದಿದ್ದವಂತೆ. ಕಟ್ಟಿಗೆ ಗಟ್ಟಿಯಿತ್ತು. ಪಟ್ಟಿ ಹರಿದಿತ್ತು, ಕಾಲಿಡುವ ಹಲಗೆ ಎಲ್ಲೋ ಬಿದ್ದುಹೋಗಿತ್ತು. ಮಗ ಅದನ್ನು ಬಸ್ಸಿನಲ್ಲಿ ಹೊತ್ತು ತಂದ. ಅದು ಪ್ರಯಾಣಿಕನೋ ಸಾಮಾನೋ ಎಂದು ಕಂಡಕ್ಟರ್ ಅಮೀನಗಡದ ತನಕ ವಿಚಾರ ಮಾಡಿ, ಕೊನೆಗೆ ಸಾಮಾನು ಎಂದು ತೀರ್ಪು ಕೊಟ್ಟನಂತೆ. ಮನೆಯೊಳಗೆ ಬಂದ ಮೇಲೆ ಅದರ ಸ್ಥಾನಮಾನದ ಪ್ರಶ್ನೆ ಅಷ್ಟು ಸಲೀಸಾಗಿ ಬಗೆಹರಿಯಲಿಲ್ಲ.

ಯಾಕೆಂದರೆ ನಮ್ಮದು ನೆಲದ ಮೇಲೆ ಕೂತು ಉಣ್ಣುವ ಮನೆ. ಅಪ್ಪ ಸೀರೆ ನೇಯುವವನಾಗಿದ್ದ. ಪಡಸಾಲೆಯೇ ಮಗ್ಗದ ಜಾಗ, ಪಡಸಾಲೆಯೇ ಊಟದ ಜಾಗ. ಊಟದ ಹೊತ್ತಿಗೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ಒಂದೇ ಸಾಲಿನಲ್ಲಿ ಕೂರಬೇಕು. ಹಿರಿಯರು ನೆಲದ ಮೇಲೆ ಕೂತಿರುವಾಗ ಯಾರೂ ಅವರಿಗಿಂತ ಎತ್ತರದಲ್ಲಿ ಕೂತು ಉಣ್ಣುವಂತಿಲ್ಲ. ನಾನು ಹುನಗುಂದದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರನಾಗಿ, ಕುರ್ಚಿಯ ಮೇಲೆ ಕೂತು ಕೂತು ನಿವೃತ್ತನಾದವನು. ಆದರೂ ಮನೆಯಲ್ಲಿ ಊಟಕ್ಕೆ ಕುರ್ಚಿ ಹತ್ತಿದವನಲ್ಲ. ಈ ಕಾಯಿದೆಯ ಪಾಲನೆ ನೋಡಿಕೊಳ್ಳುವಾಕೆ ನನ್ನ ಅವ್ವ. ಎಂಬತ್ತು ದಾಟಿದ್ದಾಳೆ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಅವ್ವ ಕುರ್ಚಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಇದೇನೋ ಇದು? ಹಕ್ಕಿ ಕಾಯಾಕ ಹೊಲದಾಗ ಹಾಕ್ತಾರಲ್ಲ, ಆ ಅಟ್ಟಣಗಿ ಅಲ್ಲೇನು?"

"ಕೂಸು ಉಣ್ಣೋ ಕುರ್ಚಿ, ಆಯಿ," ಅಂದ ನನ್ನ ಮಗ ತನ್ನ ಅಜ್ಜಿಗೆ.

"ಯಾಕ, ನನ್ನ ಕಾಲು ಸತ್ತಾವೇನು?"

ಅವ್ವನ ಕಾಲಿನ ವಿಷಯ ಹೇಳಬೇಕು. ನಮ್ಮಲ್ಲಿ ಕೂಸಿಗೆ ಉಣಿಸುವುದೆಂದರೆ, ಗೋಡೆಗೆ ಒರಗಿ ಎರಡೂ ಕಾಲು ಚಾಚಿ ಕೂತು, ಕಾಲಿನ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಗಲ್ಲ ಹಿಡಿದು, ಗಂಜಿಯನ್ನು ಬಾಯೊಳಗೆ ಬಿಡುವುದು. ಕೂಸು ಅತ್ತರೆ ಒಳ್ಳೆಯದು, ಬಾಯಿ ದೊಡ್ಡದಾಗಿ ತೆರೆಯುತ್ತದೆ. ಕೆಮ್ಮಿದರೆ ನೆತ್ತಿಗೆ ಹತ್ತಿತೆಂದು ನೆತ್ತಿ ತಟ್ಟಿ, ಊದಿ, ಬಾಯೊಳಗೆ ಬೆರಳಾಡಿಸಿ ಮುಂದುವರಿಸುವುದು. ನಾನು, ನನ್ನ ತಂಗಿ, ಓಣಿಯ ಅರ್ಧ ಮಂದಿ ಆ ಕಾಲುಗಳ ಮೇಲೆ ಮಲಗಿ ಉಂಡವರೇ. ಆ ಕಾಲುಗಳಿಗೆ ಒಂದು ಪರಂಪರೆ ಇತ್ತು. ಪರಂಪರೆಯ ಎದುರಿಗೆ ಈಗ ನನ್ನ ಸೊಸೆ ನಿಂತಿದ್ದಳು.

ಸೊಸೆ ಹುನಗುಂದದ ಸರಕಾರಿ ದವಾಖಾನೆಯಲ್ಲಿ ನರ್ಸು. ಮಾತು ಕಡಿಮೆ. ಆಡಿದ ಮಾತು ಇಂಜೆಕ್ಷನ್ನಿನ ಹಾಗೆ: ಸಣ್ಣದು, ನೇರ, ಆಮೇಲೆ ಸ್ವಲ್ಪ ಹೊತ್ತು ಉರಿಯುತ್ತದೆ. ಅವಳ ರಜೆ ಮುಗಿಯುತ್ತ ಬಂದಿತ್ತು. ಮಗ ಬಾದಾಮಿಗೆ ಹೋದ ಮರುದಿನ, ನಾನು ಚಹಾ ಕುಡಿಯುವುದು ಮುಗಿಯುವ ತನಕ ಕಾದು, ಹೇಳಿದಳು.

"ಮಾವಾರ, ಖರೆ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ಮುಂಜಾನಿ ಹೋದ್ರ ಬರೋದು ಮೂರು ಹೊಡೀತೈತಿ. ಮಧ್ಯಾಹ್ನ ಕೂಸಿಗೆ ಉಣಸಾವ್ರು ನೀವು ಮತ್ತ ಆಯಿ. ಮಲಗಿಸಿ ಬಾಯಾಗ ಹಾಕೋದು ನನಗ ಒಪ್ಪಿಗಿ ಇಲ್ರಿ. ಅನ್ನ ಹೋಗೋ ದಾರಿ, ಉಸಿರು ಹೋಗೋ ದಾರಿ ಎರಡೂ ಮಗ್ಗಲ ಮಗ್ಗಲದಾಗ ಅದಾವ. ಮಲಗಿದ್ರ ಅನ್ನ ದಾರಿ ತಪ್ಪತೈತಿ. ಅಂಥಾ ಕೂಸುಗಳನ್ನ ನಾ ದವಾಖಾನ್ಯಾಗ ನೋಡೇನಿ."

"ಮತ್ತ ಹೆಂಗ ಉಣಸಬೇಕವಾ?"

"ಕುರ್ಚ್ಯಾಗ ನೆಟ್ಟಗ ಕುಂದ್ರಸಿ, ಪಟ್ಟಿ ಕಟ್ಟಿ, ಮುಖಕ್ಕ ಮುಖಾ ಕೊಟ್ಟು ಕುಂತು ಉಣಸಬೇಕ್ರಿ. ಕೂಸು ಉಣ್ಣೂ ತನಕ ಎದ್ದು ಹೋಗಬಾರದು. ನೀವಿಬ್ರೂ ನನ್ನ ಕಣ್ಣ ಮುಂದ ಹಂಗ ಉಣಿಸಿ ತೋರಸ್ರಿ. ಆಗಲಿಲ್ಲಂದ್ರ ಕೂಸನ್ನ ಶಿರೂರಾಗ ನಮ್ಮವ್ವನ ಕಡೆ ಬಿಡ್ತೇನಿ. ನಾ ಬಾಗಲಕೋಟಿಗೆ ಬದಲಿ ಕೇಳ್ತೇನಿ."

ಶಿರೂರು ಕೆಟ್ಟ ಊರಲ್ಲ. ಅವಳ ತವರಿನವರು ಒಕ್ಕಲುತನದವರು, ಮನೆಯಲ್ಲಿ ಎಮ್ಮೆಗಳಿವೆ, ಗಟ್ಟಿ ಹಾಲಿದೆ, ಅದಕ್ಕಿಂತ ಗಟ್ಟಿಯಾದ ನನ್ನ ಬೀಗತಿ ಇದ್ದಾಳೆ. ಅವಳು ವರ್ಗವಾಗಿ ಹೋಗುವ ಬಾಗಲಕೋಟೆಯಿಂದ ಹಾದಿಯೂ ಹತ್ತಿರ. ಶಿರೂರಿನ ವಿರುದ್ಧ ನಾನು ಹೇಳಬಹುದಾದದ್ದು ಒಂದೇ ಒಂದು: ಅಲ್ಲಿ ನಾನು ಇರುವುದಿಲ್ಲ.

ಹಾಗಾಗಿ, ಜೀವಮಾನವೆಲ್ಲ ಬೇರೆಯವರ ಮಕ್ಕಳನ್ನು ಪರೀಕ್ಷೆಗೆ ಕೂರಿಸಿದ ನಾನು, ಹಲ್ಲು ಸಡಿಲಾಗುವ ವಯಸ್ಸಿನಲ್ಲಿ ಪರೀಕ್ಷೆಗೆ ಕೂರಲು ಸಿದ್ಧನಾದೆ. ಜೊತೆಗೆ ಕೂರುವ ವಿದ್ಯಾರ್ಥಿನಿ ನನ್ನ ಅವ್ವ. ಅವಳಿಗೆ ಪಠ್ಯದ ಮೇಲೂ ನಂಬಿಗೆ ಇರಲಿಲ್ಲ, ಮಾಸ್ತರಿಣಿಯ ಮೇಲೂ ಇರಲಿಲ್ಲ.

ಪಾಠ ಅಡಿಗೆಮನೆಯಲ್ಲಿ ನಡೆಯಿತು. ಸೊಸೆ ಬೇಯಿಸಿದ ಗಜ್ಜರಿಯ, ಅಂದರೆ ಕ್ಯಾರೆಟ್ಟಿನ, ಒಂದು ಉದ್ದನೆಯ ತುಂಡನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದಳು. ಅದು ಬೆಣ್ಣೆಯಂತೆ ಕುಸಿಯಿತು. ಇಷ್ಟು ಮೆತ್ತಗಾದರೆ ಮಾತ್ರ ಕೂಸಿನ ಕೈಗೆ ಕೊಡಬೇಕು. ದ್ರಾಕ್ಷಿಯನ್ನು ಇಡಿಯಾಗಿ ಕೊಡಬಾರದು, ಗಂಟಲಲ್ಲಿ ಬೂಚಿನ ಹಾಗೆ ಕೂರುತ್ತದೆ. ಶೇಂಗಾ, ಪುಠಾಣಿ, ಹಸಿ ಸವತೆಕಾಯಿಯ ಚೂರು, ಇವೆಲ್ಲ ಸದ್ಯಕ್ಕೆ ಕೂಸಿನ ವೈರಿಗಳು. ವರ್ಷ ತುಂಬುವ ತನಕ ಜೇನುತುಪ್ಪ ಕೂಡದು.

"ಜೇನುತುಪ್ಪಾನೂ ಬ್ಯಾಡೇನು?" ಅವ್ವ ಕೇಳಿದಳು. "ನಿನ್ನ ಗಂಡನ ನಾಲಿಗಿಗಿ ನಾನ ಹಚ್ಚೇನಿ. ಏನಾಗೇತಿ ಅವಗ?"

"ಏನೂ ಆಗಿಲ್ರಿ ಆಯಿ," ಅಂದಳು ಸೊಸೆ. "ನಸೀಬು ಚಲೋ ಇತ್ತು."

"ಮತ್ತ ಉಪ್ಪು?"

"ಬ್ಯಾಡ್ರಿ."

"ಖಾರ?"

"ಆಯಿ!"

"ಕೇಳಿದ್ನೆವಾ. ಕೇಳಿದ್ರ ತಪ್ಪೇನು? ಉಪ್ಪಿಲ್ಲ, ಖಾರಿಲ್ಲ. ಜೇಲಿನ್ಯಾಗ ಇದಕ್ಕಿಂತ ಚಲೋ ಹಾಕ್ತಾರ."

ಮುಖ್ಯವಾದ ಪಾಠ ಕೊನೆಗೆ ಬಂತು. ಸೊಸೆ ತಲೆದಿಂಬೊಂದನ್ನು ನನ್ನ ಕೈಗೆ ಕೊಟ್ಟಳು. "ಕೂಸು ಓಕರಿಸಿದ್ರ, ಸಪ್ಪಳ ಮಾಡಿ ಕೆಮ್ಮಿದ್ರ, ಮುಖಾ ಕೆಂಪಗಾದ್ರ ಗಾಬರಿ ಆಗಬ್ಯಾಡ್ರಿ. ಸಪ್ಪಳ ಐತಿ ಅಂದ್ರ ಉಸಿರು ಐತಿ. ತಾನ ಹೊರಗ ಹಾಕ್ತೈತಿ. ಬಾಯಾಗ ಬೆರಳು ಹಾಕಬ್ಯಾಡ್ರಿ, ಸಿಕ್ಕಿದ್ದು ಇನ್ನೂ ಒಳಗ ಹೋಗ್ತೈತಿ. ನೆತ್ತಿ ಬಡದು ಉಪಯೋಗ ಇಲ್ಲ. ಸಪ್ಪಳ ನಿಂತ್ರ, ಕೆಮ್ಮಾಕೂ ಬರದಂಗಾದ್ರ, ಆಗ ಪಟ್ಟಿ ಬಿಚ್ಚಿ, ಮುಂಗೈ ಮ್ಯಾಲೆ ಬೋರಲು ಹಾಕ್ಕೊಂಡು, ತಲಿ ಕೆಳಗ ಮಾಡಿ, ಎರಡೂ ಹೆಗಲಿನ ನಡುವ ಅಂಗೈಯ ಬುಡದಿಂದ ಹೊಡೀಬೇಕು. ಓಣಿಯವರನ್ನ ಒದರಿ ಕರೀಬೇಕು. ಈಗ ಹೊಡದು ತೋರಸ್ರಿ."

ನಾನು ದಿಂಬನ್ನು ಮುಂಗೈ ಮೇಲೆ ಬೋರಲು ಹಾಕಿ ಹೊಡೆದೆ. ಹತ್ತಿ ಹಾರಿತು. ಹೊಡೆತ ಗಟ್ಟಿಯಿರಬೇಕು, ಸಿಟ್ಟಿನದಾಗಿರಬಾರದು ಎಂದು ಸೊಸೆ ತಿದ್ದಿದಳು. ಮತ್ತೆ ಹೊಡೆದೆ. ದಿಂಬು ಬದುಕಿತು ಎಂದು ಅವಳು ಒಪ್ಪಿಕೊಂಡಳು. ಅವ್ವ ಹೊಡೆಯಲು ಒಪ್ಪಲಿಲ್ಲ. ಅದು ಅವಳ ತಲೆದಿಂಬಾಗಿತ್ತು.

ಬರೆಯುವ ಪರೀಕ್ಷೆ ಇದ್ದಿದ್ದರೆ ನಾನು ಅಂದೇ ಪಾಸಾಗುತ್ತಿದ್ದೆ. ತೊಂದರೆ ಶುರುವಾದದ್ದು ಕುರ್ಚಿಯಲ್ಲಿ.

ಕೂಸನ್ನು ಪಡಸಾಲೆಯ ನಡುವೆ ಅಷ್ಟೆತ್ತರದಲ್ಲಿ ಕೂರಿಸಿದೆವು. ನಾನು ಎದುರಿಗೆ ನಿಂತೆ. ನಿಂತವನ ಮುಖ ನೋಡಲು ಕೂಸು ತಲೆ ಹಿಂದಕ್ಕೆ ಚೆಲ್ಲಿತು. ಗಂಟಲು ಮೇಲೆ, ಗದ್ದ ಆಕಾಶಕ್ಕೆ. "ಹಂಗ ತಲಿ ಚೆಲ್ಲಿದಾಗ ಹಾಕಬ್ಯಾಡ್ರಿ," ಅಂದಳು ಸೊಸೆ. ಪ್ಲಾಸ್ಟಿಕ್ ಕುರ್ಚಿ ತಂದು ಕೂತೆ. ಆಗ ಕೂಸು ಕೆಳಗೆ ನೋಡತೊಡಗಿತು, ಯಾಕೆಂದರೆ ಕೆಳಗೆ ಗೋಡೆಯ ಬದಿಯಲ್ಲಿ ಅವ್ವ ರೊಟ್ಟಿ ಮುರಿಯುತ್ತಿದ್ದಳು. ಅವ್ವನ ಬಾಯಿ ಆಡುವುದನ್ನು ನೋಡದೆ ಈ ಕೂಸು ತನ್ನ ಬಾಯಿ ಆಡಿಸುವುದಿಲ್ಲ. ನೋಡಲೆಂದು ಮೈಯೆಲ್ಲ ಒಂದು ಬದಿಗೆ ವಾಲಿಸುತ್ತಿತ್ತು. ಕಾಲಿಗೆ ಆಸರೆ ಇಲ್ಲದೆ ಜಾರುತ್ತಿತ್ತು. ಒಂದು ಚಮಚ ಒಳಗೆ ಹೋದರೆ ಎರಡು ನನ್ನ ಅಂಗಿಯ ಮೇಲೆ.

"ಆಯಿ, ನೀವೂ ಕುರ್ಚಿ ಮ್ಯಾಲೆ ಕುಂತು ಉಂಡ್ರ?" ಸೊಸೆ ಕೇಳಿ ನೋಡಿದಳು.

"ನಾನಾ?" ಅಂದಳು ಅವ್ವ. ಅಷ್ಟೇ. ಆ ಎರಡಕ್ಷರದಲ್ಲಿ ಇಡೀ ಮನೆತನದ ಇತಿಹಾಸವಿತ್ತು. ಅದಲ್ಲದೆ ಅವಳ ಮೊಳಕಾಲು ನೆಲಕ್ಕೆ ಒಗ್ಗಿದಷ್ಟು ಕುರ್ಚಿಗೆ ಒಗ್ಗುವುದಿಲ್ಲ. ಕಾಲು ಜೋತು ಬಿದ್ದರೆ ಬಾವು ಬರುತ್ತದೆ.

ಕೂಸು ಕೆಳಗಿಳಿದರೆ ಸುರಕ್ಷಿತವಲ್ಲ, ಹಿರಿಯಾಕೆ ಮೇಲೇರಿದರೆ ಮರ್ಯಾದೆಯಲ್ಲ. ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ ಸೊಸೆ ಫೋನಿನಲ್ಲಿ ತನ್ನ ಅವ್ವನ ಜೊತೆ ಮಾತಾಡುವುದು ಕೇಳಿಸಿತು. ಎಮ್ಮೆಗಳ ಕ್ಷೇಮಸಮಾಚಾರ ಬೇಕಾದುದಕ್ಕಿಂತ ಹೆಚ್ಚು ವಿವರವಾಗಿ ನಡೆದಿತ್ತು. ನನಗೆ ಅಪಾಯದ ವಾಸನೆ ಹತ್ತಿತು. ನೆಟ್ಟಗೆ ಓಣಿಯ ಬಡಗಿ ಚಾಚಾನ ಮನೆಗೆ ಹೋಗಿ ಗರಗಸ ಕೇಳಿದೆ.

"ಏನ್ ಕೊಯ್ಯೋರ್ರಿ ಮಾಸ್ತರ?" ಅಂದ ಚಾಚಾ.

"ಕುರ್ಚಿ ಕಾಲು."

"ಯಾಕ್ರಿ, ಅದೇನು ತಪ್ಪು ಮಾಡೈತಿ?"

"ಭಾಳ ಎತ್ತರ ಬೆಳದೈತಿ."

ಚಾಚಾ ಗರಗಸ ಕೊಟ್ಟ, ಹಾಗೆಯೇ ಬೆನ್ನು ಹತ್ತಿಯೂ ಬಂದ. ಮಾಸ್ತರ ಗರಗಸ ಹಿಡಿಯುವ ದೃಶ್ಯ ಓಣಿಯಲ್ಲಿ ದಿನಾ ಸಿಗುವಂಥದ್ದಲ್ಲ. ಕುರ್ಚಿಯನ್ನು ಮಗ್ಗುಲಿಗೆ ಮಲಗಿಸಿ ಒಂದು ಕಾಲಿನ ಮೇಲೆ ಗರಗಸ ಇಟ್ಟೆ. ಒಂದು ಗೀರು ಬಿದ್ದಿರಬೇಕು, ಅಷ್ಟೇ. ಆಗ ಅವ್ವ ಕೂಸನ್ನು ಎತ್ತಿಕೊಂಡು ಬಂದು ನಿಂತಳು.

"ನಿಂದ್ರಲೇ ಮಾಸ್ತರ. ಏನ್ ಮಾಡಾಕತ್ತೀದಿ?"

"ಕುರ್ಚಿ ನೆಲಕ್ಕ ತರಾಕತ್ತೇನಿ."

"ಕುರ್ಚಿ ಕಡದ್ರ ಗಿಡ್ಡ ಆಗ್ತೈತಿ, ಮಗ್ಗಲಕ್ಕ ಉರಳತೈತಿ. ಚಾಚಾ, ಹೌದಿಲ್ಲೋ?"

"ನಾಲ್ಕೂ ಕಾಲು ಒಂದ ಅಳತಿಗಿ ಕಡದ್ರ ಉರಳೂದಿಲ್ರಿ ಅವ್ವಾರ," ಅಂದ ಚಾಚಾ. ನನ್ನ ಕೈಯಲ್ಲಿದ್ದ ಗರಗಸದ ಕಡೆ ನೋಡಿ ಸೇರಿಸಿದ: "ಮಾಸ್ತರ ಕಡದ್ರ ಉರಳತೈತಿ."

"ನಿಮ್ಮಪ್ಪ ಎತ್ತರ ಕುಂತಿದ್ನೇನೋ?" ಅವ್ವ ನನ್ನನ್ನೇ ಕೇಳಿದಳು. "ಕಾಲು ತಗ್ಗಿನ್ಯಾಗ, ಮೈ ನೆಲದ ಮ್ಯಾಲೆ. ಹಂಗ ಕುಂತು ನಲವತ್ತು ವರ್ಷ ನೇಯ್ದ. ಕುರ್ಚಿ ಯಾಕ ಕಡೀತಿ, ತಗ್ಗು ಐತಲ್ಲ?"

ತಗ್ಗಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆಯ ಕೈಮಗ್ಗಕ್ಕೆ ನೆಲದಲ್ಲಿ ಒಂದು ತಗ್ಗು ತೋಡಿರುತ್ತಾರೆ. ನೇಯುವವನು ತಗ್ಗಿನ ಅಂಚಿಗೆ ನೆಲದ ಮೇಲೆ ಕೂತು, ಕಾಲು ಕೆಳಗೆ ಇಳಿಬಿಟ್ಟು, ತಗ್ಗಿನೊಳಗಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಾನೆ. ಅಪ್ಪ ಹೋದ ಮೇಲೆ ಮಗ್ಗದ ಕಟ್ಟಿಗೆಯನ್ನೆಲ್ಲ ಬಿಚ್ಚಿ ಬೇಕಾದವರಿಗೆ ಕೊಟ್ಟೆವು. ತಗ್ಗನ್ನು ಬಿಚ್ಚಿ ಯಾರಿಗೂ ಕೊಡಲು ಬರುವುದಿಲ್ಲ. ಅದು ಪಡಸಾಲೆಯ ನಡುವೆ ಹಾಗೇ ಉಳಿಯಿತು. ಮೇಲೆ ಹಲಗೆ ಮುಚ್ಚಿದ್ದೆವು. ಒಳಗೆ ಅವ್ವ ಉಳ್ಳಾಗಡ್ಡಿ ಇಡುತ್ತಿದ್ದಳು.

ಉಳ್ಳಾಗಡ್ಡಿಯನ್ನು ಹೊರಗೆ ಹಾಕಿ, ತೊಳೆದು, ಒಣಗಿಸಿ, ಕುರ್ಚಿಯನ್ನು ಇಳಿಸಿದೆವು. ಮೊದಲ ಪ್ರಯತ್ನದಲ್ಲಿ ಕೂಸಿನ ತಲೆ ಮಾತ್ರ ನೆಲದ ಮೇಲೆ ಉಳಿಯಿತು; ಕಣ್ಣು ಪಿಳಿಪಿಳಿ ಮಾಡುತ್ತ ನಮ್ಮ ಪಾದಗಳ ಪರಿಶೀಲನೆ ನಡೆಸಿತು. ಇಳಕಲ್ಲಿನಲ್ಲಿ ಕಲ್ಲಿಗೆ ಬರವಿಲ್ಲ. ಕೆಳಗೆ ಚಪ್ಪಡಿ ಹಾಕಿ ಎತ್ತರಿಸಿದೆವು. ಚಾಚಾ ನಾಲ್ಕೂ ಬದಿಗೆ ಕಟ್ಟಿಗೆಯ ತುಂಡು ಬಡಿದು ಕುರ್ಚಿ ಅಲುಗದಂತೆ ಮಾಡಿದ. ನಾನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದೆ. ಮನೆ ಅಲುಗಬಹುದು, ಅದು ಅಲುಗುವಂತಿರಲಿಲ್ಲ. ಉರುಳಲು ಅದಕ್ಕೆ ಜಾಗವೇ ಇರಲಿಲ್ಲ.

ಈಗ ಕುರ್ಚಿಯ ಮುಂದಿನ ಹಲಗೆ ನೆಲಕ್ಕಿಂತ ನಾಲ್ಕು ಬೆರಳು ಮೇಲೆ, ನಮ್ಮ ತಾಟುಗಳ ಸಾಲಿನಲ್ಲೇ ಬಂತು. ನೆಲದ ಮೇಲೆ ಕೂತವರ ಮುಖ, ಕೂಸಿನ ಮುಖ ಹೆಚ್ಚುಕಡಿಮೆ ಒಂದೇ ಮಟ್ಟ. ಯಾರೂ ಯಾರಿಗಿಂತ ಎತ್ತರವಿಲ್ಲ. ಅವ್ವ ತನ್ನ ಮಣೆಯನ್ನು ಎಳೆದುಕೊಂಡು ಎದುರಿಗೆ ಕೂತು, "ಈಗ ಮನಿಷ್ಯಾರಂಗ ಆತು," ಅಂದಳು.

ಸಂಜೆ ಸಂತೆಯಿಂದ ಬಂದ ಸೊಸೆ ತಗ್ಗಿನೊಳಗೆ ಕೂತ ತನ್ನ ಮಗಳನ್ನು ನೋಡಿದಳು. ಕಾಯಿಪಲ್ಯದ ಚೀಲ ಕೆಳಗಿಟ್ಟು, ಮೊಳಕಾಲೂರಿ, ಸುತ್ತಲೂ ಕೈಯಾಡಿಸಿ ನೋಡಿದಳು. "ಸುತ್ತ ಸಂದಿ ಐತಲ್ರಿ. ನಾಳೆ ಅಂಬೆಗಾಲಿಡತೈತಿ, ಕಾಲು ಸಿಕ್ಕೀತು." ಸಂದಿಗಳಿಗೆಲ್ಲ ಹಲಗೆ ಕೂರಿಸಿದೆವು. "ಪಟ್ಟಿ ನಡುವಿಗಿ ಅಷ್ಟ ಸಾಲೂದಿಲ್ಲ. ಕಾಲಿನ ನಡುವನೂ ಬರಬೇಕು. ಇಲ್ಲಂದ್ರ ಕೆಳಗ ಜಾರತೈತಿ." ಮಂಚಕ್ಕೆ ಹೆಣೆಯುವ ನವಾರ ಮನೆಯಲ್ಲಿತ್ತು. ಅವ್ವ ಕನ್ನಡಕ ಹಾಕಿ ಎರಡು ಸಲ ಹೊಲಿಗೆ ಹಾಕಿದಳು. ಹಳೆಯ ಚೀಲವೊಂದರ ಬಕಲು ಹಚ್ಚಿದೆವು. "ಕಾಲ ಕೆಳಗ ಏನಾರ ಆಸರ ಬೇಕು. ಪಾದ ಊರಿದ್ರ ಮೈ ನೆಟ್ಟಗ ನಿಲ್ತೈತಿ."

ಇದಕ್ಕೆ ಅವ್ವ ಅಟ್ಟದ ಮೇಲೆ ಹತ್ತಲು ನನಗೆ ಕೈಸನ್ನೆ ಮಾಡಿದಳು. ಅಲ್ಲಿ, ಹಳೆಯ ಗೋಣಿಚೀಲದಲ್ಲಿ ಸುತ್ತಿದ್ದ, ಅಪ್ಪ ತುಳಿಯುತ್ತಿದ್ದ ಮಗ್ಗದ ಹಲಗೆಗಳಲ್ಲಿ ಒಂದು ಇತ್ತು. ಎಲ್ಲವನ್ನೂ ಕೊಟ್ಟಿದ್ದೇವೆ ಎಂದು ತಿಳಿದಿದ್ದೆ. ಒಂದನ್ನು ಅವ್ವ ಕೊಟ್ಟಿರಲಿಲ್ಲ. ಅದರ ನಡುವೆ ಅಪ್ಪನ ಹೆಬ್ಬೆರಳು ಊರಿ ಊರಿ ಸಣ್ಣ ಕುಳಿ ಬಿದ್ದಿದೆ. ಚಾಚಾ ಅದನ್ನು ಕುರ್ಚಿಗೆ ಬಡಿದು ಕೂರಿಸಿದ. ಕೂಸು ಅದರ ಮೇಲೆ ಎರಡೂ ಪಾದ ಊರಿ, ಬೆನ್ನು ನೆಟ್ಟಗೆ ಮಾಡಿ, ಯಾರಿಗಾದರೂ ಏನಾದರೂ ದೂರು ಇದೆಯೇ ಎನ್ನುವಂತೆ ಸಭೆಯನ್ನು ನೋಡಿತು. ನಾನು ಅನೇಕ ಅಧ್ಯಕ್ಷರನ್ನು ನೋಡಿದವನು. ಅಷ್ಟು ಘನವಾಗಿ ಕೂತವರು ಕಡಿಮೆ.

ಆಮೇಲಿನ ದಿನಗಳಲ್ಲಿ ಕೂಸು ಉಂಡಿತು. ಹೆಸರುಬೇಳೆಯ ಮೆತ್ತನೆಯ ಕಿಚಡಿ, ಹಾಲಿನಲ್ಲಿ ನೆನೆದು ಕರಗಿದ ರೊಟ್ಟಿ, ಸುಟ್ಟ ಬದನೆಕಾಯಿಯ ತಿರುಳು. ಅರ್ಧ ಕೂಸಿಗೆ, ಕಾಲುಭಾಗ ಕುರ್ಚಿಗೆ, ಉಳಿದದ್ದು ಅಪ್ಪನ ಹಲಗೆಗೆ. ಅವ್ವ ಎದುರಿಗೆ ಕೂತು ದೊಡ್ಡದಾಗಿ ಬಾಯಾಡಿಸುವುದು, ಕೂಸು ಅದನ್ನು ನೋಡಿ ಬಾಯಾಡಿಸುವುದು, ನಾನು ಚಮಚ ಹಿಡಿದು ಅದು ತಾನಾಗಿ ಬಾಯಿ ತೆರೆಯುವ ತನಕ ಕಾಯುವುದು. ಕಾಯುವುದು ನನಗೆ ಬರುತ್ತದೆ. ಹತ್ತನೆಯ ತರಗತಿಗೆ ವ್ಯಾಕರಣ ಕಲಿಸಿದವನು ನಾನು.

ಆದರೆ ಅವ್ವನ ಕೈ ಮಾತ್ರ ಭರವಸೆಯದಾಗಿರಲಿಲ್ಲ. ಕೂಸು ಒಂದು ಸಣ್ಣ ಕೆಮ್ಮು ಕೆಮ್ಮಿದರೆ ಸಾಕು, ಅವ್ವನ ಬೆರಳು ತಾನಾಗಿ ಅದರ ಬಾಯಿಯ ಕಡೆ ಹೊರಡುತ್ತಿತ್ತು. ಸೊಸೆ "ಆಯಿ" ಅನ್ನುತ್ತಿದ್ದಳು. ಬೆರಳು ಹಿಂದಿರುಗುತ್ತಿತ್ತು. ಸೊಸೆ ಇಲ್ಲದ ದಿನ ಯಾರು "ಆಯಿ" ಅನ್ನಬೇಕು? ಆ ಪ್ರಶ್ನೆ ಸೊಸೆಯ ಮುಖದ ಮೇಲೆ ಬರೆದಿತ್ತು. ಶಿರೂರಿನ ಫೋನು ಇನ್ನೂ ನಿಂತಿರಲಿಲ್ಲ.

ಅಷ್ಟರಲ್ಲಿ ನನ್ನ ತಂಗಿ ಅಮೀನಗಡದಿಂದ ಬಂದಳು. ಅಮೀನಗಡದವರು ಬರಿಗೈಯಲ್ಲಿ ಬರುವುದಿಲ್ಲ, ಕರದಂಟು ತರುತ್ತಾರೆ. ಬೆಲ್ಲ, ಅಂಟು, ಗೋಡಂಬಿ, ಬದಾಮಿ, ಒಣಕೊಬ್ಬರಿ, ಎಲ್ಲವೂ ಕೂಡಿ ಗಟ್ಟಿಯಾದ ಪದಾರ್ಥ. ನನ್ನ ಹಲ್ಲೇ ಅದಕ್ಕೆ ಅಂಜುತ್ತವೆ. ತಂಗಿ ಚಪ್ಪಲಿ ಬಿಟ್ಟವಳೇ ತಗ್ಗಿನ ಬದಿಗೆ ಕೂತು, "ಅಯ್ಯ ನನ್ನ ರಾಣಿ, ನೆಲದಾಗ ಹುಗದಾರೇನ ನಿನ್ನ?" ಎನ್ನುತ್ತ ಒಂದು ಚೂರು ಮುರಿದು ಕೂಸಿನ ಬಾಯಿಗೆ ಹಿಡಿದಳು.

ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

"ಬಿಡೋ ಅಣ್ಣಾ! ಒಂದು ಚೂರು!"

"ಚೂರ ಗಂಟಲಾಗ ಕುಂದ್ರೋದು. ಬೇಕಾದ್ರ ನೀನ ತಿನ್ನು."

"ನಾವೆಲ್ಲಾ ತಿಂದು ಬೆಳದಿಲ್ಲೇನು? ಅವ್ವಾ, ನೋಡ ಇವನ್ನ. ಸೊಸಿ ಮಾತು ಕೇಳಿ ತಂಗಿ ಕೈ ಹಿಡೀತಾನ."

ಅವ್ವ ಕರದಂಟಿನ ಕಡೆ ನೋಡಿದಳು, ಕೂಸಿನ ಕಡೆ ನೋಡಿದಳು, ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ ಸೊಸೆಯ ಕಡೆ ನೋಡಲಿಲ್ಲ. "ಕೊಡಬ್ಯಾಡ ಬಿಡವಾ," ಅಂದಳು, ತುಸು ಒಲ್ಲದ ಮನಸ್ಸಿನಿಂದ. "ಅದಕ್ಕ ಉಪ್ಪಿಲ್ಲದ್ದು ರೂಢಿ ಆಗೇತಿ." ತಂಗಿ ಮುಖ ಊದಿಸಿಕೊಂಡಳು, ಒಂದು ತಾಸಿನ ಮೇಲೆ ಚಹಾ ಕುಡಿದು ಇಳಿಸಿದಳು. ಸೊಸೆ ಅಂದು ನನಗೆ ಎರಡನೆಯ ಸಲ ಚಹಾ ಕೊಟ್ಟಳು. ನಾನು ಅದನ್ನು ಅಂಕ ಎಂದು ಬಗೆದೆ.

ಮರುದಿನ ಪರೀಕ್ಷೆ. "ಇವತ್ತ ನಾ ಮಾತಾಡೂದಿಲ್ಲ," ಅಂದಳು ಸೊಸೆ. "ಮನ್ಯಾಗ ಇಲ್ಲ ಅಂತ ತಿಳೀರಿ." ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ತಂಗಿ ಪಡಸಾಲೆಯ ಮೂಲೆಯಲ್ಲಿ ಪ್ರೇಕ್ಷಕಳಾದಳು.

ಕೈ ತೊಳೆದೆವು. ಕೂಸನ್ನು ಕೂರಿಸಿ, ಪಟ್ಟಿ ಬಿಗಿದು, ಎರಡು ಬೆರಳು ಹೋಗುವಷ್ಟು ಸಡಿಲು ಇದೆಯೇ ನೋಡಿದೆ. ಗಜ್ಜರಿಯನ್ನು ಒತ್ತಿ ತೋರಿಸಿದೆ, ಇಲ್ಲದ ಸೊಸೆಗೆ ಕಾಣುವಂತೆ. ಕಿಚಡಿಯ ಬಿಸಿಯನ್ನು ಮಣಿಕಟ್ಟಿನ ಮೇಲೆ ಪರೀಕ್ಷಿಸಿದೆ. ಅವ್ವ ಎದುರಿಗೆ ರೊಟ್ಟಿ ಮುರಿಯುತ್ತ ಬಾಯಾಡಿಸಿದಳು. ಕೂಸು ನಾಲ್ಕು ಚಮಚ ಉಂಡಿತು. ಆಮೇಲೆ ಹಲಗೆಯ ಮೇಲಿನ ಗಜ್ಜರಿಯನ್ನು ಮುಷ್ಟಿಯಲ್ಲಿ ಹಿಡಿದು, ನಾನು ಕಣ್ಣು ಮಿಟುಕಿಸುವುದರೊಳಗೆ, ಇದ್ದಷ್ಟನ್ನೂ ಬಾಯೊಳಗೆ ತುರುಕಿತು.

ಮೊದಲು ಕಣ್ಣು ಅಗಲವಾದವು. ಆಮೇಲೆ ನಾಲಿಗೆ ಹೊರಗೆ ಬಂತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೂಸು ಓಕರಿಸಿ ಖ್ಖಕ್, ಖ್ಖಕ್ ಎಂದು ಕೆಮ್ಮತೊಡಗಿತು.

ಮೂಲೆಯಿಂದ ತಂಗಿ, "ಯವ್ವಾ! ನೆತ್ತಿಗಿ ಹತ್ತಿತು! ಬೆರಳು ಹಾಕಬೇ!" ಎಂದು ಕೂಗಿದಳು. ದಿಂಬಿನ ಮೇಲೆ ಪ್ರವೀಣನಾಗಿದ್ದ ನಾನು, ಪಾಠವೆಲ್ಲ ಬಾಯಿಪಾಠವಿದ್ದ ನಾನು, ಎದ್ದು ನಿಂತಿದ್ದೆ. ಯಾಕೆ ಎದ್ದೆ, ಎದ್ದು ಏನು ಮಾಡುವವನಿದ್ದೆ, ಇಂದಿಗೂ ಹೇಳಲಾರೆ. ಯಾರೋ ನನ್ನ ಧೋತರದ ಚುಂಗು ಹಿಡಿದು ಕೆಳಗೆ ಎಳೆದರು.

"ಕುಂದ್ರಲೇ," ಅಂದಳು ಅವ್ವ.

ಹಿಡಿದು ಎಳೆದ ಕೈಯನ್ನು ತಿರುಗಿ ತೊಡೆಯ ಕೆಳಗೆ ಇಟ್ಟುಕೊಂಡಳು. ಇನ್ನೊಂದು ಕೈ ಆಗಲೇ ಅಲ್ಲಿತ್ತು. ತನ್ನ ಎರಡೂ ಕೈಗಳ ಮೇಲೆ ತಾನೇ ಕೂತು, ಕತ್ತು ಸ್ವಲ್ಪ ಓರೆ ಮಾಡಿ, ಕಿವಿ ಕೊಟ್ಟು ಕೇಳುತ್ತಿದ್ದಳು. ಆ ಭಂಗಿ ನನಗೆ ಗೊತ್ತು. ಅಪ್ಪ ನೇಯುವಾಗ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅವಳು ಹೀಗೇ ಕತ್ತು ಓರೆ ಮಾಡಿ ಇರುತ್ತಿದ್ದಳು.

"ಸಪ್ಪಳ ಬರಾಕತ್ತೈತಿ," ಅಂದಳು. "ಮಗ್ಗದ ಸಪ್ಪಳ ಬರೂತನಕ ನಾ ಎಂದಾರ ಎದ್ದು ಹೋಗೇನೇನು? ನಿಂತ್ರ ಓಡಿ ಹೋಗತಿದ್ದೆ. ಕೂಸು ಕೆಲಸಾ ಮಾಡಾಕತ್ತೈತಿ, ಮಾಡಲಿ."

ನಾವು ಕೂತು ಕೇಳಿದೆವು. ಖ್ಖಕ್. ಖ್ಖಕ್. ಅವ್ವನ ತುಟಿ ಬಿಗಿದಿತ್ತು. ಕೈಗಳು ತೊಡೆಯ ಕೆಳಗೆ ಹೊರಳಾಡುವುದು ಸೀರೆಯ ಮೇಲಿನಿಂದ ಕಾಣುತ್ತಿತ್ತು. ಕೂಸು ಅಪ್ಪನ ಹಲಗೆಯ ಮೇಲೆ ಪಾದ ಊರಿ, ಮುಂದಕ್ಕೆ ಬಾಗಿ, ಇನ್ನೊಂದು ಸಲ ಮೈಯೆಲ್ಲ ಕೂಡಿಸಿ ಕೆಮ್ಮಿತು. ಗಜ್ಜರಿಯ ಮುದ್ದೆ ಮುಂದಿನ ಹಲಗೆಯ ಮೇಲೆ ಬಿತ್ತು.

ಕೂಸು ಅದನ್ನು ನೋಡಿತು. ನಮ್ಮನ್ನು ನೋಡಿತು. ಆಮೇಲೆ ಅದರಲ್ಲಿ ಒಂದು ಸಣ್ಣ ಚೂರನ್ನಷ್ಟೇ ಎತ್ತಿ ಬಾಯಿಗಿಟ್ಟುಕೊಂಡು, ಎರಡು ಹಲ್ಲಿನಿಂದ ಸಾವಕಾಶವಾಗಿ ಜಗಿದು, ನುಂಗಿತು.

ನಾನು ಬಹಳ ಮಕ್ಕಳ ಫಲಿತಾಂಶ ನೋಡಿದ್ದೇನೆ. ಜಿಲ್ಲೆಗೆ ಹೆಸರು ತಂದವರಿದ್ದಾರೆ. ಆ ದಿನ ಎದೆ ಉಬ್ಬಿದಷ್ಟು ಯಾವತ್ತೂ ಉಬ್ಬಿರಲಿಲ್ಲ. ಉಬ್ಬಿದ್ದು ಎಂಟು ತಿಂಗಳಿಗಾಗಿಯೋ ಎಂಬತ್ತು ವರ್ಷಕ್ಕಾಗಿಯೋ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಬಾಗಿಲಲ್ಲಿ ಸೊಸೆ ಒಂದು ಹೆಜ್ಜೆ ಮುಂದೆ ಇಟ್ಟು ಅಲ್ಲೇ ನಿಂತಿದ್ದಳು. ಮಾತಾಡುವುದಿಲ್ಲ ಎಂದವಳು ಮಾತಾಡಿದಳು.

"ಆಯಿ, ಕೈ ಎಲ್ಲೆ ಅದಾವ್ರಿ?"

"ತೊಡಿ ಕೆಳಗ ಅದಾವ. ತಗೀಲೇನು?"

"ತಗೀರಿ."

"ಜೋಮು ಹಿಡದಾವ. ಮಾಸ್ತರ, ಎಳಿಯೋ."

ನಾನು ಎಳೆದೆ. ಸೊಸೆ ಬಂದು ಅವ್ವನ ಎದುರಿಗೆ ಕೂತು ಆ ಎರಡೂ ಕೈಗಳನ್ನು ತಿಕ್ಕಿದಳು. ತಂಗಿ ಮೂಲೆಯಿಂದ, "ನನಗೂ ಯಾರರ ಒಂದು ವಾಟಿ ನೀರು ಕೊಡ್ರಿ," ಅಂದಳು. ಕೂಸು ಚಮಚದ ಕಡೆ ಕೈ ತೋರಿಸಿ ಕೂಗಿತು. ಕಿಚಡಿ ಇನ್ನೂ ಉಳಿದಿತ್ತು.

ಮುಂದಿನ ಸೋಮವಾರ ಸೊಸೆ ಕೆಲಸಕ್ಕೆ ಹೋದಳು. ಬದಲಿ ಕೇಳಲಿಲ್ಲ. ಕೂಸು ಇಳಕಲ್ಲಿನಲ್ಲೇ ಇದೆ, ಮಧ್ಯಾಹ್ನ ತಗ್ಗಿನಲ್ಲಿ ಕೂತು ಉಣ್ಣುತ್ತದೆ.